ಮುಚ್ಚಿದ ದಿಬ್ಬದ ಮುದಿ ಮೀನು

"ಉಸಿರು ಬಿಡಬೇಡಿ. ಹಾರಿ ಹೋದ್ರೆ ಆಮೇಲೆ ಹುಡುಕೋಕಾಗಲ್ಲ," ಎಂದಳು ಕಲ್ಲಜ್ಜಿ.

ಇನ್ಸ್‌ಪೆಕ್ಟರ್ ಉಸಿರು ಬಿಗಿಹಿಡಿದು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಗಾಜಿನ ಮೇಲಿದ್ದದ್ದು ಉಗುರಿನ ಚೂರಿನಂಥ ತೆಳುವಾದ ಬಿಲ್ಲೆ. ಬರಿಗಣ್ಣಿಗೆ ಕಸದಂತೆ ಕಂಡಿದ್ದು ಮಸೂರದಡಿ ಬೇರೆಯೇ ಆಗಿತ್ತು. ಸುತ್ತಿನೊಳಗೆ ಸುತ್ತು, ಗೆರೆಗೆ ಅಂಟಿಕೊಂಡು ಗೆರೆ.

"ಮೀನಿನ ತಲೆಯೊಳಗೆ, ಕಿವಿ ಇರೋ ಜಾಗದಲ್ಲಿ, ಒಂದು ಜೊತೆ ಕಲ್ಲು ಬೆಳೆಯುತ್ತೆ. ಅಡ್ಡಕ್ಕೆ ಕೊಯ್ದರೆ ಮರದ ಬೊಡ್ಡೆ ಹಾಗೆ ಉಂಗುರ. ವರ್ಷಕ್ಕೊಂದು," ಎಂದಳು ಕಲ್ಲಜ್ಜಿ. "ಇದಕ್ಕೆ ಮೂವತ್ತು ದಾಟಿದೆ."

ಮೀನು ಸಂಶೋಧನಾ ಕೇಂದ್ರದ ಜವಾನನಿಂದ ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಲ್ಲಜ್ಜಿ ಎಂದೇ. ಅಜ್ಜಿಯಾಗುವ ವಯಸ್ಸೇನೂ ಅಲ್ಲ, ನಿವೃತ್ತಿಗೆ ಇನ್ನೂ ವರ್ಷಗಳು ಬಾಕಿ. ಆದರೆ ಓದು ಮುಗಿಸಿ ಬಂದಂದಿನಿಂದ ಕಿವಿಗಲ್ಲುಗಳ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು. ಯಾವ ಕಡಲಿನಲ್ಲಿ ಎಷ್ಟು ವಯಸ್ಸಿನ ಮೀನು ಉಳಿದಿದೆ, ಮುಂದಿನ ವರ್ಷ ಎಷ್ಟು ಹಿಡಿಯಬಹುದು ಎಂಬ ಲೆಕ್ಕ ಶುರುವಾಗುತ್ತಿದ್ದುದೇ ಅವಳ ಈ ಮೇಜಿನಿಂದ.

ಕಲ್ಲುಗಳಿದ್ದ ಕಾಗದದ ಪೊಟ್ಟಣಗಳು ಸಿಕ್ಕಿದ್ದು ಟ್ರಾಲರಿನೊಳಗೆ, ಕ್ಯಾಪ್ಟನ್‌ನ ಹಾಸಿಗೆಯಡಿ. ಅವನ್ನು ಕಟ್ಟಿದವನು ದೋಣಿಯ ಜೊತೆ ಹೋಗಿ ಹಿಡಿದ ಮೀನಿನ ಲೆಕ್ಕ ಬರೆದುಕೊಳ್ಳುವ ವೀಕ್ಷಕ, ಅದೇ ಕ್ಯಾಪ್ಟನ್‌ನ ಅಳಿಯ. ಉತ್ತರದ ಆಳನೀರಿನಲ್ಲಿ ಬಿರುಗಾಳಿಗೆ ಸಿಕ್ಕಿ ಅವನು ದೋಣಿಯಿಂದ ಬಿದ್ದು ಸತ್ತನೆಂದು ಊರೆಲ್ಲ ನಂಬಿತ್ತು.

"ಮೂವತ್ತು ದಾಟಿದ್ರೆ ಏನೀಗ?" ಇನ್ಸ್‌ಪೆಕ್ಟರ್ ಕೇಳಿದಳು.

"ಉತ್ತರದ ನೀರಲ್ಲಿ ಮೀನಿಗೆ ಮೂವತ್ತಾಗೋಕೆ ಯಾರು ಬಿಡ್ತಾರೆ? ಏಳೋ ಎಂಟೋ ತುಂಬೋದರೊಳಗೆ ಬಲೆಗೆ ಬಿದ್ದಿರುತ್ತೆ. ಅಲ್ಲಿಂದ ಇಷ್ಟು ಮುದಿಯದ್ದು ಬಂದು ನಾನು ನೋಡೇ ಇಲ್ಲ."

"ಹಾಗಾದ್ರೆ ಇದು ಎಲ್ಲಿಯದ್ದು?"

ಕಲ್ಲಜ್ಜಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. ಗೋಡೆಯುದ್ದಕ್ಕೂ ಜೋಡಿಸಿದ್ದ ಡಬ್ಬಿಗಳಲ್ಲಿ ಸತ್ತ ಮೀನುಗಳ ಲಕ್ಷಾಂತರ ವಯಸ್ಸುಗಳು ಸುಮ್ಮನೆ ಕೂತಿದ್ದವು.

"ಅಂಚಿನ ಹತ್ತಿರ ಒಂದು ಕಪ್ಪು ಗೆರೆ ಕಾಣ್ತಿದ್ಯಾ? ಕೆಳಗಿಂದ ತಣ್ಣೀರು ಉಕ್ಕೋ ಕಡೆ ವರ್ಷಾನುಗಟ್ಟಲೆ ಬದುಕಿದ ಮೀನಿಗೆ ಮಾತ್ರ ಬರೋದು ಅದು. ನಮ್ಮ ಕಡಲಲ್ಲಿ ಅಂಥ ಜಾಗ ಒಂದೇ." ಅವಳ ದನಿ ತಗ್ಗಿತು. "ಮುಚ್ಚಿದ ದಿಬ್ಬ."

ಇನ್ಸ್‌ಪೆಕ್ಟರಿಗೆ ಆ ಹೆಸರು ಗೊತ್ತಿತ್ತು. ನೀರಿನಡಿಯ ಒಂದು ಎತ್ತರದ ಜಾಗ. ದೊಡ್ಡ ತಾಯಿ ಮೀನುಗಳು ಮೊಟ್ಟೆ ಇಡುವುದು ಅಲ್ಲೇ ಎಂದು ಸರ್ಕಾರ ಅಲ್ಲಿ ಬಲೆ ಬಿಡುವುದನ್ನು ನಿಷೇಧಿಸಿ ವರ್ಷಗಳಾಗಿದ್ದವು. ಅಲ್ಲಿ ಸಿಕ್ಕಿಬಿದ್ದ ದೋಣಿಗೆ ಲೈಸೆನ್ಸೂ ಉಳಿಯದು, ಕ್ಯಾಪ್ಟನ್‌ಗೆ ಜೈಲೂ ತಪ್ಪದು.

"ಅಂದ್ರೆ ದೋಣಿ ಉತ್ತರಕ್ಕೆ ಹೋಗೇ ಇರಲಿಲ್ಲ."

"ಅದು ನಿಮ್ಮ ತಲೆನೋವು. ನನ್ನ ತಲೆನೋವು ಬೇರೆ ಇದೆ." ಕಲ್ಲಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಈ ಸಲದ ಸಮೀಕ್ಷೆಯ ಕಲ್ಲುಗಳೂ ನನ್ನ ಹತ್ರಾನೇ ಬಂದಿದ್ವು. ಪ್ರತಿ ವರ್ಷ ನಮ್ಮ ಹಡಗು ಅದೇ ಜಾಗಕ್ಕೆ ಹೋಗಿ, ಅದೇ ಅಳತೆ ಬಲೆ ಬಿಟ್ಟು, ಬಿದ್ದಿದ್ದನ್ನ ಅಳೆದು ತೂಗಿ ಕಲ್ಲು ತೆಗೆದು ಕಳಿಸುತ್ತೆ. ದಿಬ್ಬದ್ದು ಅಂತ ಈ ವರ್ಷ ಬಂದದ್ದೆಲ್ಲ ಎಳೇವು. ಒಂದಾದ್ರೂ ದೊಡ್ಡದಿಲ್ಲ. ಮುದಿ ಮೀನೇ ಮುಗಿದುಹೋಗಿದೆ, ಇನ್ನು ಕಾಯೋಕೆ ಏನೂ ಇಲ್ಲ, ದಿಬ್ಬ ತೆರೆದುಬಿಡಿ ಅಂತ ನಿರ್ದೇಶಕರು ವರದಿ ಕೊಟ್ಟಿದ್ದಾರೆ. ಮುಂದಿನ ವಾರ ತೀರ್ಮಾನ."

"ಆ ಎಳೇವಲ್ಲಿ ಕಪ್ಪು ಗೆರೆ ಇತ್ತಾ?"

"ಅದು ಮೂಡೋಕೆ ವರ್ಷಗಳು ಬೇಕು. ಎಳೆ ಮೀನು ಎಲ್ಲಿಯದ್ದೋ, ಕಲ್ಲು ನೋಡಿ ಹೇಳೋಕಾಗಲ್ಲ. ದಿಬ್ಬದ್ದು ಅಂತ ಕಳಿಸಿದ್ರು. ನಂಬಿದೆ."

ಸತ್ತನೆನ್ನಲಾದ ಹುಡುಗ ಕಟ್ಟಿಟ್ಟ ಪೊಟ್ಟಣ ಒಂದು ಹೇಳುತ್ತಿತ್ತು, ಕೇಂದ್ರದ ಪೊಟ್ಟಣ ಇನ್ನೊಂದು. ಎರಡೂ ನಿಜವಾಗಿರಲು ಸಾಧ್ಯವಿರಲಿಲ್ಲ.

"ನಾನು ಬಂದಿದ್ದು ಯಾರಿಗೂ ಗೊತ್ತಾಗೋದು ಬೇಡ," ಎಂದಳು ಇನ್ಸ್‌ಪೆಕ್ಟರ್.

"ನಿರ್ದೇಶಕರಿಗೆ?"

"ಅವರಿಗಂತೂ ಬೇಡ."

*

ಕ್ಯಾಪ್ಟನ್‌ನ ಮನೆ ಬಂದರಿನ ಮೇಲಿನ ಓಣಿಯಲ್ಲಿತ್ತು. ಮೆಟ್ಟಿಲು ಹತ್ತುತ್ತಾ ಇನ್ಸ್‌ಪೆಕ್ಟರ್ ಬೇಕೆಂದೇ ಎಡಕ್ಕೆ ತಿರುಗಲಿಲ್ಲ. ಎಡಕ್ಕೆ ಕಡಲು. ಕಡಲು ಕಂಡರೆ ಅವಳಿಗೆ ನಿಂತ ನೆಲವೇ ತೂಗಿದಂತಾಗುತ್ತಿತ್ತು. ಠಾಣೆಯವರು ಅವಳಿಗಿಟ್ಟ ಹೆಸರು ಗರಗಸ. ಕೂಗಾಡುವವಳಲ್ಲ, ಹೊಡೆಯುವವಳಲ್ಲ; ಒಂದೇ ಪ್ರಶ್ನೆಯನ್ನು ಹೋಗಿ ಬಂದು, ಹೋಗಿ ಬಂದು, ಎದುರಿನವರು ಎರಡಾಗುವವರೆಗೆ ಆಡಿಸುವವಳು. ಇಂಥ ಗರಗಸಕ್ಕೆ ಕಡಲಿನ ಕೇಸು ಕೊಟ್ಟವರು ಯಾರೋ ಎಂದು ಪೇದೆಗಳು ಹಿಂದಿನಿಂದ ನಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಕ್ಯಾಪ್ಟನ್ ಹಿತ್ತಿಲ ಮೆಟ್ಟಿಲ ಮೇಲೆ ಕೂತು ತುಂಡಾದ ಹಗ್ಗದ ಎಳೆಗಳನ್ನು ಬಿಡಿಸಿ ಒಂದಕ್ಕೊಂದು ಹೆಣೆಯುತ್ತಿದ್ದ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಗಂಡ ಹೋದನೆಂಬ ಸುದ್ದಿ ಬಂದ ಮೇಲೆ ಮಗಳು ತವರಿಗೆ ಬಂದಿದ್ದಳು.

"ಹೆಣ ಸಿಕ್ತಾ?" ತಲೆಯೆತ್ತದೆ ಕೇಳಿದ ಕ್ಯಾಪ್ಟನ್.

"ಇಲ್ಲ."

"ಸಿಗಲ್ಲ ಮೇಡಂ. ಉತ್ತರದ ನೀರು ತಗೊಂಡಿದ್ದನ್ನ ವಾಪಸ್ ಕೊಡಲ್ಲ."

ಇನ್ಸ್‌ಪೆಕ್ಟರ್ ಅವನ ಪಕ್ಕದಲ್ಲೇ ಕೂತಳು. ಕರವಸ್ತ್ರ ಬಿಚ್ಚಿ, ಕೊಯ್ಯದೆ ಉಳಿಸಿಕೊಂಡಿದ್ದ ಒಂದು ಜೊತೆ ಕಿವಿಗಲ್ಲನ್ನು ಮೆಟ್ಟಿಲ ಮೇಲಿಟ್ಟಳು.

"ಇದೇನು ಹೇಳಿ ಯಜಮಾನ್ರೇ."

"ಮೀನಿನ ತಲೆಗಲ್ಲು. ಅದನ್ನೇನು ಕೇಳೋದು?"

"ನಿಮ್ಮ ಹಾಸಿಗೆ ಅಡಿ ಇತ್ತು."

ಹಗ್ಗದ ಮೇಲಿನ ಬೆರಳು ನಿಂತಿತು.

"ಈ ಮೀನು ನಿಮ್ಮ ಮಗಳಿಗಿಂತ ದೊಡ್ಡದು. ಅವಳು ತೊಟ್ಟಿಲಲ್ಲಿದ್ದಾಗಲೇ ಇದು ಈಜ್ತಾ ಇತ್ತು. ಉತ್ತರದಲ್ಲಿ ಇಂಥದ್ದು ನಿಮ್ಮ ಬಲೆಗೆ ಕೊನೇ ಸಲ ಬಿದ್ದಿದ್ದು ಯಾವಾಗ?"

ಕ್ಯಾಪ್ಟನ್ ಬಿಡಿಸಿದ್ದ ಎಳೆಯನ್ನೇ ಮತ್ತೆ ಬಿಡಿಸತೊಡಗಿದ.

"ದೋಣಿ ಎಲ್ಲಿದೆ ಅಂತ ಗಂಟೆಗೊಂದು ಸಲ ದಡಕ್ಕೆ ತಿಳಿಸೋ ಪೆಟ್ಟಿಗೆ ಇದೆಯಲ್ಲ, ಅದು ಗಾಳಿಗೆ ಕೆಟ್ಟಿತು ಅಂದ್ರಿ. ನಮ್ಮೋರು ಬಿಚ್ಚಿ ನೋಡಿದ್ರು. ಏನೂ ಆಗಿಲ್ಲ. ಸುತ್ತ ಒಂದು ಗುಂಡನೆ ಗೀರು ಮಾತ್ರ ಇದೆ. ಸಿಗ್ನಲ್ ಹೋಗದ ಹಾಗೆ ಏನು ಕವುಚಿ ಹಾಕಿದ್ರಿ?"

"ಮೇಡಂ..."

"ಏನು ಕವುಚಿ ಹಾಕಿದ್ರಿ?"

ಕ್ಯಾಪ್ಟನ್ ಹಗ್ಗವನ್ನು ಮಡಿಲಿಗೆ ಬಿಟ್ಟ. ಬಿಸಿಲಿಗೆ ಉಪ್ಪಿಗೆ ಬೆಂದ ಮುಖ ಒಮ್ಮೆಲೇ ಮುದಿಯಾಯಿತು.

"ಅನ್ನ ಬೇಯಿಸೋ ಪಾತ್ರೆ," ಎಂದ. "ಹುಡುಗರು ಆ ದಿನವೆಲ್ಲ ಬರೀ ಬ್ರೆಡ್ ತಿಂದ್ರು."

ಇನ್ಸ್‌ಪೆಕ್ಟರ್ ಕಾದಳು. ಒಮ್ಮೆ ಬಾಯಿ ಬಿಟ್ಟವನ ಮಾತಿಗೆ ಅಡ್ಡ ಬರಬಾರದೆಂಬುದು ಅವಳ ಕಸುಬು ಕಲಿಸಿದ್ದ ಪಾಠ.

"ಮೀನಿನ ಆಸೆಗೆ ಹೋಗಿದ್ದಲ್ಲ. ಅಳಿಯನೇ ಕರ್ಕೊಂಡು ಹೋಗಿದ್ದು. ಮಾವ, ಒಂದೇ ಒಂದು ಸಲ ದಿಬ್ಬದ ಮೇಲೆ ಬಲೆ ಬಿಡಿ ಅಂದ. ಅಲ್ಲಿ ದೊಡ್ಡ ಮೀನು ಇಲ್ಲ ಅಂತ ಬರೆದಿದ್ದಾರೆ, ನಿಜಾನೇ ಆಗಿದ್ರೆ ನಾನು ಬಾಯಿ ಮುಚ್ಚಿಕೊಂಡಿರ್ತೀನಿ, ಇದ್ರೆ ಮಾತ್ರ ತೆರೆಯೋಕೆ ಬಿಡಬಾರದು ಅಂದ. ನಾನು ಬೈದೆ. ತಲೆ ಕೆಟ್ಟಿದೆಯೇನೋ, ದಿಬ್ಬ ತೆರೆದ್ರೆ ನಮಗೇ ಒಳ್ಳೇದಲ್ವಾ ಅಂದೆ. ಅದಕ್ಕವನು, ಎರಡು ವರ್ಷ ಒಳ್ಳೇದು ಮಾವ, ಆಮೇಲೆ ಬಲೆ ಒಣಗಿಸೋದೇ ಕೆಲಸ ಅಂದ."

"ಹೋದ್ರಿ."

"ಹೋದೆ. ಬೆಳಗಿನ ಹೊತ್ತು, ಮಂಜು ಮುಸುಕಿತ್ತು. ಬಲೆ ಮೇಲೆ ಬಂದಾಗ..." ಅವನು ಎರಡೂ ಕೈ ಅಗಲಿಸಿ ತೋರಿಸಿದ. "ಇಷ್ಟಿಷ್ಟುದ್ದ ಮೇಡಂ. ನಮ್ಮಪ್ಪನ ಕಾಲದಲ್ಲಿ ನೋಡಿದ್ದು. ಇನ್ನು ಈ ಜನ್ಮದಲ್ಲಿ ನೋಡಲ್ಲ ಅಂದ್ಕೊಂಡಿದ್ದೆ. ಅವನಿಗೆ ಅಳುವೇ ಬಂತು. ಅಳ್ತಾನೇ ಅಳತೆ ಮಾಡಿದ. ಹತ್ತೋ ಹನ್ನೆರಡೋ ಇಟ್ಕೊಂಡು, ಜೀವ ಇದ್ದಿದ್ದನ್ನೆಲ್ಲ ವಾಪಸ್ ನೀರಿಗೆ ಬಿಡಿಸಿದ."

"ಆಮೇಲೆ?"

"ಆಮೇಲೆ ಬಿಳಿ ದೋಣಿ ಬಂತು."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದಳು. ಇಲ್ಲಿಗೇ ನಿಲ್ಲಿಸಿ ಈ ಮುದುಕನನ್ನು ಠಾಣೆಗೆ ಕರೆದೊಯ್ದು ಕೇಳಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಬಾಗಿಲ ಹಿಂದೆ ನಿಂತವಳಿಗಿಂತ ಹೆಚ್ಚು ಈ ಮಾತು ಇನ್ಯಾರಿಗೆ ಸೇರಬೇಕು?

"ಎಂಥ ದೋಣಿ?"

"ಚಿಕ್ಕದು. ಹಡಗಿಂದ ಇಳಿಸ್ತಾರಲ್ಲ, ಅಂಥದ್ದು. ಪಕ್ಕದಲ್ಲಿ ನೀಲಿ ಪಟ್ಟೆ, ಕೇಂದ್ರದ ಸಮೀಕ್ಷೆ ಹಡಗಿನ ಹೆಸರು. ಹಡಗು ಕಾಣಿಸ್ಲಿಲ್ಲ, ಮಂಜಲ್ಲಿ ಎಲ್ಲೋ ನಿಂತಿರ್ಬೇಕು ಅಂದ್ಕೊಂಡೆ. ದೋಣೀಲಿ ಒಬ್ರೇ. ರೈನ್‌ಕೋಟಿನ ಟೊಪ್ಪಿ ಮೂಗಿನವರೆಗೆ ಎಳ್ಕೊಂಡಿದ್ರು. ಗಂಡಸೋ ಹೆಂಗಸೋ, ಆಣೆ ಮಾಡಿ ಹೇಳೋಕಾಗಲ್ಲ. ಅವನಿಗೆ ಮಾತ್ರ ಗುರುತು ಸಿಕ್ತು. ಕೈ ಎತ್ತಿದ."

"ಆಗ ಬಿದ್ನಾ?"

ಕ್ಯಾಪ್ಟನ್ ಮೊದಲ ಸಲ ಅವಳ ಮುಖ ನೋಡಿದ.

"ಬೀಳ್ಲಿಲ್ಲ ಮೇಡಂ. ಇಳಿದ. ಹಗ್ಗದ ಏಣಿ ಹಿಡ್ಕೊಂಡು, ತನ್ನ ಕಾಲಲ್ಲೇ ಇಳಿದ. ನನ್ನ ಕಣ್ಣಿಂದ ಮರೆಯಾಗೋವರೆಗೂ ಬದುಕಿದ್ದ."

*

ಮಗಳು ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೂ ಸೋಪಿನ ನೊರೆ. ಕೂಗಿಕೊಳ್ಳುತ್ತಾಳೆ ಎಂದುಕೊಂಡಳು ಇನ್ಸ್‌ಪೆಕ್ಟರ್. ಅವಳು ಕೂಗಲಿಲ್ಲ.

"ಅಪ್ಪ," ಎಂದಳು. "ಇಷ್ಟು ದಿನ ನಾನು ಅತ್ತಿದ್ದನ್ನ ನೀವು ಎದುರಿಗೆ ಕೂತು ನೋಡಿದ್ರಲ್ಲ."

ಮುದುಕ ಕೂತಲ್ಲೇ ಅವಳತ್ತ ತಿರುಗಿದ.

"ಪುಟ್ಟಿ, ಕೇಳಿಲ್ಲಿ..."

"ಅವರ ಬಟ್ಟೆಯೆಲ್ಲ ಯಾರಿಗಾದ್ರೂ ಕೊಟ್ಟುಬಿಡು ಅಂದ್ರಿ. ನೆನ್ನೆ ಮಡಚಿ ಇಟ್ಟೆ."

"ಹೇಳ್ಬೇಕು ಅಂತ್ಲೇ ಇದ್ದೆ ಕಣಮ್ಮ. ದಡಕ್ಕೆ ಬಂದ ತಕ್ಷಣ ಮನೆಗೂ ಬರದೆ ನೆಟ್ಟಗೆ ಕೇಂದ್ರಕ್ಕೇ ಹೋದೆ. ನಿಮ್ಮ ದೋಣಿ ನಮ್ಮ ಅಳಿಯನ್ನ ಹತ್ತಿಸಿಕೊಂಡು ಹೋಯ್ತು, ಎಲ್ಲಿದ್ದಾನೆ ಅಂತ ನಿರ್ದೇಶಕರನ್ನೇ ಕೇಳಿದೆ."

"ಏನಂದ್ರು?" ಕೇಳಿದ್ದು ಇನ್ಸ್‌ಪೆಕ್ಟರ್.

"ನಗಲಿಲ್ಲ, ಸಿಟ್ಟೂ ಮಾಡ್ಕೊಳ್ಳಲಿಲ್ಲ. ಕೂರಿಸಿ ನೀರು ಕೊಡಿಸಿದ್ರು. ನಮ್ಮ ದೋಣಿ ಯಾವುದೂ ಹೋಗಿಲ್ಲ ಅಂದ್ರು. ಆಮೇಲೆ ಮೆತ್ತಗೆ ಕೇಳಿದ್ರು, ಅಷ್ಟಕ್ಕೂ ನೀವು ಎಲ್ಲಿದ್ರಿ? ದಿಬ್ಬದಲ್ಲಿ ಅಂತ ಹೇಗೆ ಹೇಳೋದು? ಅವರೇ ಮುಂದುವರಿಸಿದ್ರು. ನೋಡಿ ಯಜಮಾನ್ರೇ, ಹುಡುಗ ಉತ್ತರದಲ್ಲಿ ಗಾಳಿಗೆ ಬಿದ್ದ ಅಂದ್ರೆ ಅದು ದುರದೃಷ್ಟ. ಮುಚ್ಚಿದ ದಿಬ್ಬದ ಮೇಲೆ ನಿಮ್ಮ ದೋಣಿಯಿಂದ ಕಾಣೆಯಾದ ಅಂದ್ರೆ ಅದು ಕೊಲೆ, ಪೊಲೀಸರಿಗೆ ಯಾವುದು ಹೇಳ್ತೀರೋ ಯೋಚನೆ ಮಾಡಿ ಅಂದ್ರು. ದೋಣೀಲಿ ಎಂಟು ಹುಡುಗರು, ಎಂಟು ಸಂಸಾರ..." ಅವನು ಮಗಳತ್ತ ನೋಡಿದ. "ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕಾದೆ. ಬಂದ್ರೆ ನನ್ನ ಸುಳ್ಳೂ ಅಲ್ಲಿಗೆ ಮುಗಿಯುತ್ತೆ ಅಂದ್ಕೊಂಡೆ. ಬರ್ಲಿಲ್ಲ."

ಮಗಳು ಮೆಟ್ಟಿಲಿಳಿದು ಬಂದು ತಂದೆಯ ಮುಂದೆ ನಿಂತಳು. ನೊರೆ ಅವಳ ಬೆರಳ ತುದಿಯಿಂದ ಹಗ್ಗದ ಮೇಲೆ ತೊಟ್ಟಿಕ್ಕಿತು.

"ಇಳಿಯೋವಾಗ ಏನಾದ್ರೂ ಅಂದ್ರಾ? ಸುಳ್ಳು ಸೇರಿಸ್ಬೇಡಿ."

"ಪೊಟ್ಟಣಗಳನ್ನ ನನ್ನ ಕೈಗೆ ಕೊಟ್ಟ. ಒದ್ದೆ ಮಾಡ್ಬೇಡಿ ಮಾವ ಅಂದ. ನಕ್ಕ. ಅಷ್ಟೇ."

ಇನ್ಸ್‌ಪೆಕ್ಟರ್ ಕೇಳಲೇಬೇಕಿದ್ದ ಪ್ರಶ್ನೆಯೊಂದಿತ್ತು. "ನೀವು ದಿಬ್ಬಕ್ಕೆ ಹೋಗಿದ್ದಕ್ಕೆ ಇದ್ದ ಸಾಕ್ಷಿ ಅದೊಂದೇ. ನೀರಿಗೆ ಎಸೆದಿದ್ರೆ ನಾನು ಇವತ್ತು ಇಲ್ಲಿಗೆ ಬರ್ತಿರಲಿಲ್ಲ. ಯಾಕೆ ಎಸೀಲಿಲ್ಲ?"

ಕ್ಯಾಪ್ಟನ್ ತನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ ಎಂಬಂತೆ ಅವಳನ್ನು ನೋಡಿದ.

"ಒದ್ದೆ ಮಾಡ್ಬೇಡಿ ಅಂದಿದ್ನಲ್ಲ," ಎಂದ.

ಮಗಳು ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ತಂದೆಯ ಕೈ ಅವಳ ಸೆರಗಿನ ಅಂಚಿನವರೆಗೆ ಹೋಯಿತು, ಮುಟ್ಟಲು ಧೈರ್ಯ ಸಾಲದೆ ಹಿಂದೆ ಬಂತು.

*

ಇನ್ಸ್‌ಪೆಕ್ಟರ್ ಓಣಿಗೆ ಬಂದು ಗೋಡೆಗೆ ಒರಗಿದಳು. ಕೆಳಗೆ ಮಂಜುಗಡ್ಡೆ ಕಾರ್ಖಾನೆಯ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಯೋಚನೆ ಸರಳವಾಗಿತ್ತು. ಚಿಕ್ಕ ದೋಣಿ ಅಷ್ಟು ದೂರ ತಾನಾಗಿ ಹೋಗಲಾರದು. ಹಡಗು ಹತ್ತಿರದಲ್ಲೇ ಇರಬೇಕು. ಆ ಬೆಳಿಗ್ಗೆ ಸಮೀಕ್ಷೆ ಹಡಗು ಎಲ್ಲಿತ್ತು, ಯಾರು ಯಾರು ಹತ್ತಿದ್ದರು ಎಂದು ತಿಳಿದರೆ ರೈನ್‌ಕೋಟಿನ ಟೊಪ್ಪಿ ತಾನಾಗಿ ಮೇಲೇಳುತ್ತದೆ. ನಿರ್ದೇಶಕರ ಸುಳ್ಳು ಅವರ ಕೊರಳಿಗೇ ಬೀಳುತ್ತದೆ.

ಬಂದರು ಕಚೇರಿಗೆ ಫೋನ್ ಮಾಡಿದಳು. ಆ ಹಡಗಿನ ವಿಚಾರವಾದರೆ ರಿಪೇರಿ ಯಾರ್ಡಿನ ಮೇಸ್ತ್ರಿಯನ್ನು ಕೇಳಿ ಎಂದರು. ಅವಳಿಗೆ ಆಗಲೇ ಏನೋ ಕಸಿವಿಸಿಯಾಯಿತು.

ಮೇಸ್ತ್ರಿಯ ಹಿಂದೆ ಸುತ್ತಿಗೆಗಳ ಸದ್ದು. "ಆ ಹಡಗಾ? ನನ್ನ ಕಣ್ಣೆದುರಿಗೇ ನಿಂತಿದೆಯಲ್ಲ ಮೇಡಂ!" ಎಂದು ಕಿರುಚಿದ. "ತಳದ ತಗಡೆಲ್ಲ ಬಿಚ್ಚಿ ಹಾಕಿದೀವಿ. ಈಗ ನೀರಿಗಿಳಿಸಿದ್ರೆ ಗುಂಡುಕಲ್ಲು ಮುಳುಗಿದ ಹಾಗೆ ಮುಳುಗುತ್ತೆ."

"ಯಾವಾಗಿಂದ?"

"ಈ ಸೀಸನ್ ಶುರುವಾಗೋಕೆ ಮುಂಚಿಂದ. ಬಿಡಿಭಾಗ ಇನ್ನೂ ಬಂದಿಲ್ಲ. ಒಂದು ದಿನ ಕೂಡ ಕಡಲಿಗೆ ಹೋಗಿಲ್ಲ."

ನಡೆಯದ ಸಮೀಕ್ಷೆ. ದಿಬ್ಬವನ್ನೇ ನೋಡದ ಬಲೆ. ಕಲ್ಲಜ್ಜಿಯ ಮೇಜಿಗೆ ಬಂದ ಎಳೆಯ ಕಲ್ಲುಗಳು ಯಾವ ಮಾರುಕಟ್ಟೆಯ ಮೀನಿನ ತಲೆಯಿಂದ ಬಂದವೋ. ಇನ್ಸ್‌ಪೆಕ್ಟರ್ ಫೋನನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಅದರ ಚಿಕ್ಕ ಬಿಳಿ ದೋಣಿ? ನೀಲಿ ಪಟ್ಟೆ ಇರೋದು?"

"ಅದೂ ಇಲ್ಲೇ ಶೆಡ್ಡಲ್ಲಿದೆ. ತಳದಲ್ಲಿ ನನ್ನ ಮುಷ್ಟಿ ತೂರೋ ಅಷ್ಟು ತೂತು. ಇರೋದು ಅದೊಂದೇ ದೋಣಿ." ಮೇಸ್ತ್ರಿಯ ದನಿಯಲ್ಲಿ ಬೇಸರ ಇಣುಕಿತು. "ಅದೇನು ಮೇಡಂ, ಬರೋರೆಲ್ಲ ಇದನ್ನೇ ಕೇಳ್ತೀರಲ್ಲ."

"ಬರೋರೆಲ್ಲ ಅಂದ್ರೆ? ಇನ್ಯಾರು ಕೇಳಿದ್ರು?"

"ಅದೇ ಪಾಪದ ಹುಡುಗ, ನೀರಿಗೆ ಬಿದ್ದು ಹೋದ್ನಲ್ಲ, ಆ ವೀಕ್ಷಕ. ಕಡಲಿಗೆ ಹೊರಡೋ ಹಿಂದಿನ ದಿನ ಬಂದಿದ್ದ. ಹಡಗಿನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಶೆಡ್ಡಿಗೆ ಹೋಗಿ ದೋಣಿಯ ತೂತಿಗೆ ಕೈ ಹಾಕಿ ನೋಡಿದ. ಇದನ್ನ ರಿಪೇರಿ ಮಾಡಿ ಯಾರೂ ತಗೊಂಡು ಹೋಗಲ್ವಾ ಅಂತ ಕೇಳಿದ. ಇಲ್ಲಪ್ಪ ಅಂದೆ. ಸರಿ ಅಂತ ತಲೆ ಆಡಿಸಿ ಹೋದ."

ಫೋನು ಯಾವಾಗ ಕಟ್ಟಾಯಿತೋ ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ.

ಅವನಿಗೆ ಗೊತ್ತಿತ್ತು. ಮಂಜಿನೊಳಗಿಂದ ಆ ನೀಲಿ ಪಟ್ಟೆ ಹೊರಬಂದ ಗಳಿಗೆಯಲ್ಲೇ, ಇದು ಕೇಂದ್ರದ ದೋಣಿಯಲ್ಲ, ಹೆಸರು ಬರೆಸಿಕೊಂಡು ಬಂದ ಸುಳ್ಳು ದೋಣಿ ಎಂದು ಆ ಟ್ರಾಲರಿನಲ್ಲಿದ್ದವರ ಪೈಕಿ ಅವನೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದ್ದ. ಪೊಟ್ಟಣಗಳನ್ನು ಮಾವನ ಕೈಗಿಟ್ಟು, ನಕ್ಕು, ತನ್ನ ಕಾಲಲ್ಲೇ ಏಣಿ ಇಳಿದಿದ್ದ.

ಆ ಟೊಪ್ಪಿಯಡಿ ಯಾರ ಮುಖ ನೋಡಿ?

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅವನ ಹೆಂಡತಿ, ಕ್ಯಾಪ್ಟನ್‌ನ ಮಗಳು, ಓಣಿಗೆ ಬಂದಿದ್ದಳು. ಕೈ ಒರೆಸಿಕೊಂಡಿರಲಿಲ್ಲ. ಕಣ್ಣಲ್ಲಿ ಬಹಳ ದಿನಗಳಿಂದ ಇಲ್ಲದಿದ್ದದ್ದು ಏನೋ ಹೊತ್ತಿಕೊಂಡಿತ್ತು. ಅದನ್ನು ನೋಡಲು ಇನ್ಸ್‌ಪೆಕ್ಟರಿಗೆ ಸಂಕಟವಾಯಿತು.

"ಏನಂದ್ರು ಮೇಡಂ? ಅವರನ್ನ ಕರ್ಕೊಂಡು ಹೋದೋರು ಯಾರಂತೆ?"

ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ಹಾಕಿಕೊಂಡಳು.

"ಏನಿದ್ರೂ ಹೇಳಿ," ಎಂದಳು ಅವಳು. "ಸುಳ್ಳೊಂದು ಬೇಡ. ಅದು ನಮ್ಮ ಮನೇಲೇ ಬೇಕಾದಷ್ಟಿದೆ."